ಕಡುಗೆಂಪು ದೊರೆಯ ಆಸ್ಥಾನ ಎಲ್ಲಿತ್ತು?

ಲಂಡನ್ನಿಗೆ ಹೋದ ನಮ್ಮವರು ಏನೇನು ನೋಡಿ ಬರುತ್ತಾರೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಥೇಮ್ಸ್ ನದಿಯ ಮೇಲಿನ ಗೋಪುರಸೇತುವೆ, ಅರಮನೆಯ ಮುಂದೆ ಕಾವಲುಗಾರರು ಪಾಳಿ ಬದಲಿಸುವ ವೈಭವ, ಮೇಣದ ಬೊಂಬೆಗಳ ಮಂದಿರ, ಮ್ಯೂಸಿಯಮ್ಮಿನಲ್ಲಿ ನಮ್ಮ ದೇಶದಿಂದಲೇ ಹೋಗಿ ಸೇರಿಕೊಂಡಿರುವ ಶಿಲ್ಪಗಳು, ಇಷ್ಟಾದರೆ ಯಾತ್ರೆ ಪೂರೈಸಿದಂತೆ. ಇವನ್ನೆಲ್ಲ ನಾವೂ ನೋಡಿದೆವು; ಅವುಗಳ ವರ್ಣನೆಯಿಂದ ಓದುಗರ ತಾಳ್ಮೆಯನ್ನು ಪರೀಕ್ಷಿಸುವ ಉದ್ದೇಶ ನನಗಿಲ್ಲ. ಇಲ್ಲಿ ಹೇಳಹೊರಟಿರುವುದು ನನ್ನ ಕೈಪಿಡಿಯಲ್ಲಿ ಹೆಸರೂ ಇಲ್ಲದಿದ್ದ ಮೂರು ಸ್ಥಳಗಳ ಸಂಗತಿ. ಒಂದು, ಹೋಟೆಲಿನ ನೆಲಮಾಳಿಗೆ. ಎರಡನೆಯದು, ಉದ್ಯಾನದ ಹುಲ್ಲುಹಾಸು. ಮೂರನೆಯದು, ಚರ್ಚಿಗೆ ಸೇರಿದ್ದ ಒಂದು ಹಳೆಯ ಸಭಾಂಗಣ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿರುವುದು ಒಂದು ಗ್ರಾಮಫೋನ್ ತಟ್ಟೆ.

ಆ ತಟ್ಟೆಯ ಹೆಸರು ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಕಡುಗೆಂಪು ದೊರೆಯ ಆಸ್ಥಾನದಲ್ಲಿ’. 1969ನೆಯ ಇಸವಿಯ ಅಕ್ಟೋಬರ್ 10ರಂದು ಐಲೆಂಡ್ ರೆಕಾರ್ಡ್ಸ್ ಸಂಸ್ಥೆಯವರು ಇದನ್ನು ಇಂಗ್ಲೆಂಡಿನಲ್ಲಿ ಹೊರತಂದರು. ನುಡಿಸಿದವರು ‘ಕಿಂಗ್ ಕ್ರಿಮ್ಸನ್’ ಎಂಬ ಹೊಸ ತಂಡದವರು. ಎರಡು ಬದಿಗೂ ಸೇರಿ ಐದೇ ಕೃತಿಗಳು. ಒಟ್ಟು ಮುಕ್ಕಾಲು ಗಂಟೆಗೆ ಒಂದೆರಡು ನಿಮಿಷ ಕಡಮೆ. ಅದುವರೆಗೆ ರಾಕ್ ಸಂಗೀತವೆಂದರೆ ಮೂರು ನಿಮಿಷ ಕುಣಿದು ಮರೆಯುವ ಹಾಡು ಎಂದುಕೊಂಡಿದ್ದವರಿಗೆ, ಅದೇ ವಿದ್ಯುತ್ ಗಿಟಾರಿನ ಜೊತೆಯಲ್ಲಿ ಕೊಳಲು, ಸ್ಯಾಕ್ಸೋಫೋನ್, ಪಿಟೀಲುಮೇಳದಂಥ ಘೋಷ, ತಾಳ ಬದಲಿಸುತ್ತ ಹತ್ತು ಹನ್ನೆರಡು ನಿಮಿಷ ಬೆಳೆಯುವ ರಚನೆಗಳು ಕೇಳಿಬಂದವು. ಮುಂದೆ ‘ಪ್ರೋಗ್ರೆಸಿವ್ ರಾಕ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪಂಥಕ್ಕೆ ಇದೇ ಆದಿಗ್ರಂಥವೆಂದು ಹೇಳುವವರು ಬಹಳ ಮಂದಿ. ಮೂಡಿ ಬ್ಲೂಸ್ ತಂಡದವರ 1967ರ ತಟ್ಟೆಗೆ ಆ ಗೌರವ ಸಲ್ಲಬೇಕೆಂದು ವಾದಿಸುವವರೂ ಇದ್ದಾರೆ. ಆ ಜಗಳ ನಮಗೆ ಬೇಡ.

ನಮಗೆ ಮಾರ್ಗದರ್ಶಕನಾಗಿದ್ದವನು ನನ್ನ ಅಕ್ಕನ ಮಗ. ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಈ ತರುಣನಿಗೆ ಸಂಬಳದ ಒಂದು ಪಾಲು ಹಳೆಯ ತಟ್ಟೆಗಳಿಗೆ ಮೀಸಲು. ಈ ಒಂದು ತಟ್ಟೆಯೇ ಅವನ ಬಳಿ ನಾಲ್ಕು ರೂಪದಲ್ಲಿದೆ. “ಒಂದೇ ಹಾಡನ್ನು ನಾಲ್ಕು ಸಲ ದುಡ್ಡು ಕೊಟ್ಟು ಕೊಳ್ಳುವುದು ಯಾವ ಜಾಣತನವಯ್ಯಾ?” ಎಂದು ನಾನು ಕೇಳಿದ್ದಕ್ಕೆ, “ಮಾಮ, ಅವು ನಾಲ್ಕೂ ಒಂದೇ ಅಲ್ಲ. ಭಾನುವಾರ ನನ್ನ ಜೊತೆ ಬನ್ನಿ, ಯಾಕೆಂದು ತೋರಿಸುತ್ತೇನೆ” ಎಂದ. ತಟ್ಟೆಯ ಮರುಮುದ್ರಣದ ವಿಚಾರವನ್ನು ತಿಳಿಯಬೇಕಾದರೆ ಅದು ಹುಟ್ಟಿದ ಜಾಗಗಳನ್ನು ಕಾಲಿನಿಂದ ಅಳೆಯಬೇಕೆಂಬುದು ಅವನ ಸಿದ್ಧಾಂತ. ವಿಚಿತ್ರವೆನಿಸಿದರೂ ಸಂಜೆಯ ಹೊತ್ತಿಗೆ ಅದರಲ್ಲಿ ಹುರುಳಿದೆಯೆಂದು ನನಗೂ ತೋರಿತು.

ಮೊದಲ ನಿಲುಗಡೆ ನಗರದ ಪಶ್ಚಿಮ ಭಾಗದ ಹ್ಯಾಮರ್‌ಸ್ಮಿತ್. ಸುರಂಗದ ರೈಲಿನಿಂದ ಮೇಲೆ ಬಂದು ದಕ್ಷಿಣಕ್ಕೆ ತಿರುಗಿದರೆ ಫುಲ್ಹ್ಯಾಮ್ ಪ್ಯಾಲೆಸ್ ರಸ್ತೆ. ಹೆಸರಿನಲ್ಲಿ ಅರಮನೆಯಿದ್ದರೂ ರಸ್ತೆ ಸಾಮಾನ್ಯರದು. ಎರಡು ಅಂತಸ್ತಿನ ಕೆಂಪು ಬಸ್ಸುಗಳ ಸಾಲು, ದೊಡ್ಡದೊಂದು ಆಸ್ಪತ್ರೆ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ಮಾದರಿಯ ಹಳೆಯ ಇಟ್ಟಿಗೆಯ ಕಟ್ಟಡಗಳು. ಇಲ್ಲಿದ್ದ ಫುಲ್ಹ್ಯಾಮ್ ಪ್ಯಾಲೆಸ್ ಕೆಫೆ ಎಂಬ ಹೋಟೆಲಿನ ನೆಲಮಾಳಿಗೆಯಲ್ಲಿ 1969ರ ಜನವರಿ 13ರಂದು ಈ ತಂಡದ ಮೊದಲ ಅಭ್ಯಾಸ ನಡೆಯಿತು. ಈಗ ಆ ಹೋಟೆಲನ್ನು ಹುಡುಕಿಕೊಂಡು ಹೋಗುವವರಿಗೆ ರಸ್ತೆಯೇ ದರ್ಶನ ಕೊಡುತ್ತದೆ. ಕಾಲುದಾರಿಯ ಕೆಳಗೆಲ್ಲೋ ಆ ಕೋಣೆ ಇದ್ದೀತೆಂದು ಊಹಿಸಿಕೊಂಡು ನಾವು ನಿಂತೆವು. ಮೇಲೆ ಜನ ಚಹಾ ಕುಡಿಯುತ್ತಿದ್ದಾಗ ಕೆಳಗೆ ಹೊಸದೊಂದು ಸಂಗೀತ ಹದಗೊಳ್ಳುತ್ತಿತ್ತು.

ಕೆಳಗಿದ್ದವರು ಯಾರು? ಗಿಟಾರಿನ ರಾಬರ್ಟ್ ಫ್ರಿಪ್, ಹಾಡುಗಾರಿಕೆ ಮತ್ತು ಬೇಸ್ ಗಿಟಾರಿನ ಗ್ರೆಗ್ ಲೇಕ್, ತಾಳವಾದ್ಯದ ಮೈಕೇಲ್ ಜೈಲ್ಸ್, ಕೊಳಲು, ಸ್ಯಾಕ್ಸೋಫೋನ್, ಕೀಲಿಮಣೆ ಎಲ್ಲವನ್ನೂ ನುಡಿಸುತ್ತಿದ್ದ ಇಯಾನ್ ಮೆಕ್ಡೊನಾಲ್ಡ್. ಐದನೆಯವನಾದ ಪೀಟರ್ ಸಿನ್‌ಫೀಲ್ಡ್ ಯಾವ ವಾದ್ಯವನ್ನೂ ನುಡಿಸುತ್ತಿರಲಿಲ್ಲ. ಆತ ಸಾಹಿತ್ಯ ಬರೆಯುವವನು. ರಂಗದ ದೀಪಗಳ ಉಸ್ತುವಾರಿ ನೋಡಿಕೊಳ್ಳುವವನು. ಕವಿಯೊಬ್ಬನನ್ನು ತಂಡದ ಪೂರ್ಣ ಸದಸ್ಯನೆಂದು ಎಣಿಸಿದ್ದು ಆ ಕಾಲಕ್ಕೆ ಅಪರೂಪ. ಫ್ರಿಪ್ ಮತ್ತು ಲೇಕ್ ಇಬ್ಬರೂ ಡಾರ್ಸೆಟ್ ಪ್ರಾಂತದ ಹುಡುಗರು. ಬಾಲ್ಯದಲ್ಲಿ ಒಬ್ಬನೇ ಗುರುವಿನ ಬಳಿ ಗಿಟಾರ್ ಕಲಿತವರು. ಮೆಕ್ಡೊನಾಲ್ಡನಿಗೆ ಸಂಗೀತದ ಶಿಸ್ತು ದೊರೆತದ್ದು ಸೈನ್ಯದ ಬ್ಯಾಂಡಿನಲ್ಲಿ. ವಾದ್ಯಗಳನ್ನು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ಇವನ ಬಂಧುವೊಬ್ಬರು ಸಾಲ ಕೊಟ್ಟರಂತೆ. ಚಿಕ್ಕಪ್ಪನೋ ಸೋದರಮಾವನೋ ತಿಳಿಯುವಂತಿಲ್ಲ, ಇಂಗ್ಲಿಷರಿಗೆ ಎರಡಕ್ಕೂ ಒಂದೇ ಶಬ್ದ.

“ನೀವಾದರೆ ಕೊಡುತ್ತಿದ್ದಿರಾ ಮಾಮ?” ಎಂದು ನನ್ನ ಅಳಿಯ ನಕ್ಕ. ಸೋದರಮಾವನ ಪಕ್ಷವನ್ನು ವಹಿಸಿ ನಾನು ಮೌನವಾಗಿದ್ದೆ.

ಆ ಸಾಲದಿಂದ ಕೊಂಡ ಸಾಮಗ್ರಿಗಳ ಪೈಕಿ ಮೆಲ್ಲೊಟ್ರಾನ್ ಎಂಬ ಯಂತ್ರದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಮುಂದಿನ ಕಥೆಯೆಲ್ಲ ಟೇಪಿನ ಕಥೆ, ಈ ವಾದ್ಯವೂ ಟೇಪಿನಿಂದಲೇ ಆದದ್ದು. ನೋಡಲು ಹಾರ್ಮೋನಿಯಮ್ಮಿನ ದೊಡ್ಡಣ್ಣನಂತಿರುವ ಈ ಪೆಟ್ಟಿಗೆಯ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಪಿಟೀಲು ವಾದಕರು ಆ ಒಂದು ಸ್ವರವನ್ನು ಮಾತ್ರ ಎಳೆದು ನುಡಿಸಿದ್ದು ಮೊದಲೇ ಮುದ್ರಿತವಾಗಿರುತ್ತದೆ. ಮನೆಯನ್ನು ಒತ್ತಿದರೆ ಪಟ್ಟಿ ಓಡಿ ಸ್ವರ ಕೇಳಿಸುತ್ತದೆ. ಸುಮಾರು ಎಂಟು ಸೆಕೆಂಡುಗಳಲ್ಲಿ ಪಟ್ಟಿ ಮುಗಿಯುತ್ತದೆ. ಬೆರಳು ತೆಗೆದರೆ ಸರ್ರನೆ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ವಾದಕನು ಎಂಟು ಸೆಕೆಂಡಿನ ಉಸಿರಿನೊಳಗೆ ತನ್ನ ರಾಗವನ್ನು ಕಟ್ಟಬೇಕು. ಅಮೆರಿಕದ ಚೇಂಬರ್ಲಿನ್ ಎಂಬಾತನ ವಾದ್ಯವನ್ನು ಅನುಸರಿಸಿ ಬರ್ಮಿಂಗ್‌ಹ್ಯಾಮಿನಲ್ಲಿ ಇದನ್ನು ತಯಾರಿಸುತ್ತಿದ್ದರು. ಧ್ವನಿ ನಿಜವಾದ ಪಿಟೀಲಿನದೇ, ಆದರೂ ನಿಜವಾದ ಪಿಟೀಲುಮೇಳವಲ್ಲ. ದೂರದ ಬೆಟ್ಟದ ಆಚೆ ಯಾರೋ ನುಡಿಸಿದಂತೆ, ಒದ್ದೆ ಗಾಳಿಯಲ್ಲಿ ತೇಲಿ ಬಂದಂತೆ ಇರುತ್ತದೆ. ತಟ್ಟೆಯ ಎರಡು ಗಂಭೀರ ಕೃತಿಗಳಾದ ‘ಎಪಿಟಾಫ್’ ಮತ್ತು ಕೊನೆಯ ‘ಆಸ್ಥಾನ’ದ ವೈಭವವೆಲ್ಲ ಈ ಯಂತ್ರದ್ದೇ.

ಹ್ಯಾಮರ್‌ಸ್ಮಿತ್‌ನಿಂದ ಪಿಕಡಿಲಿ ಮಾರ್ಗದ ರೈಲಿನಲ್ಲಿ ಹೈಡ್ ಪಾರ್ಕಿಗೆ ಬಂದೆವು. ಹೈಡ್ ಪಾರ್ಕನ್ನು ನೋಡದವರಿಲ್ಲ, ಕೇಳದವರಂತೂ ಇಲ್ಲವೇ ಇಲ್ಲ. ಹುಲ್ಲಿನ ಮೇಲೆ ಬಟ್ಟೆಯ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುವ ಮುದುಕರು, ಸರ್ಪೆಂಟೈನ್ ಕೊಳದಲ್ಲಿ ಬಾತುಕೋಳಿಗಳು, ದೋಣಿಯೊಳಗೆ ಸಂಸಾರಗಳು. ಈ ಶಾಂತಿಯ ನಡುವೆ 1969ರ ಜುಲೈ 5ರ ಮಧ್ಯಾಹ್ನವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಅಂದು ರೋಲಿಂಗ್ ಸ್ಟೋನ್ಸ್ ತಂಡದವರ ಉಚಿತ ಕಚೇರಿ. ಎರಡು ದಿನ ಮುಂಚೆಯಷ್ಟೇ ಆ ತಂಡವನ್ನು ಕಟ್ಟಿದ ಬ್ರಯನ್ ಜೋನ್ಸ್ ತೀರಿಕೊಂಡಿದ್ದ. ಸೇರಿದ ಜನಸಂಖ್ಯೆಯನ್ನು ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಹೇಳುತ್ತಾರೆ. ಅಂಥ ಕಡೆ ತಲೆ ಎಣಿಸಿದವರಾರು! ಮುಖ್ಯ ಕಚೇರಿಗೆ ಮುಂಚೆ ನುಡಿಸಿದ ತಂಡಗಳಲ್ಲಿ ನಮ್ಮ ಕಡುಗೆಂಪು ದೊರೆಯ ತಂಡವೂ ಒಂದು. ಏಪ್ರಿಲ್ 9ರಂದು ಮಾರ್ಗರೆಟ್ ಬೀದಿಯ ಸ್ಪೀಕೀಸಿ ಕ್ಲಬ್ಬಿನಲ್ಲಿ ಮೊದಲ ಕಚೇರಿ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಒಂದೂ ತಟ್ಟೆ ಹೊರಬಂದಿರಲಿಲ್ಲ.

ಅವರು ಅಂದು ನುಡಿಸಿದ ಕೃತಿಗಳಲ್ಲಿ ‘ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ ಒಂದು. ಇಪ್ಪತ್ತೊಂದನೆಯ ಶತಮಾನದ ಬುದ್ಧಿಭ್ರಮಣೆಯ ಮನುಷ್ಯ ಎಂದರ್ಥ. ವಿಯೆಟ್ನಾಮ್ ಯುದ್ಧದ ಕಾಲದ ಕೃತಿ. ಕೇಳಲು ಹಿತವೆಂದು ನಾನು ಹೇಳಲಾರೆ. ನನ್ನ ಮನೆಯವರು ಎರಡೇ ನಿಮಿಷಕ್ಕೆ ಎದ್ದು ಅಡಿಗೆಮನೆಗೆ ಹೋದರು. ಆದರೆ ಅದರ ನಡುಭಾಗದಲ್ಲಿ ಒಂದು ಚಮತ್ಕಾರವಿದೆ. ತನಿ ಆವರ್ತನದ ಕೊನೆಯಲ್ಲಿ ಮೃದಂಗ ಘಟಗಳು ಒಮ್ಮೆಲೇ ನಿಂತು, ಒಂದು ಕ್ಷಣ ನಿಶ್ಶಬ್ದವಾಗಿ, ಮತ್ತೆ ಒಮ್ಮೆಲೇ ಹೊರಡುವುದನ್ನು ಬಲ್ಲವರಿಗೆ ಇದರ ಸೊಗಸು ಥಟ್ಟನೆ ತಿಳಿಯುತ್ತದೆ. ನಾಲ್ವರೂ ಭರದಿಂದ ಓಡುತ್ತ ಹಠಾತ್ತನೆ ನಿಲ್ಲುತ್ತಾರೆ. ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲದೆ ಮತ್ತೆ ಹೊರಡುತ್ತಾರೆ. ನೆಲಮಾಳಿಗೆಯಲ್ಲಿ ಬೆವರು ಸುರಿಸಿದ್ದರ ಫಲ.

ಇನ್ನು ಹೈಬರಿ. ಗ್ರೀನ್ ಪಾರ್ಕಿನಲ್ಲಿ ರೈಲು ಬದಲಿಸಿ, ಉತ್ತರ ಲಂಡನ್ನಿನ ಹೈಬರಿ ಮತ್ತು ಇಸ್ಲಿಂಗ್ಟನ್ ನಿಲ್ದಾಣದಲ್ಲಿ ಇನ್ನೊಂದು ಗಾಡಿ ಹಿಡಿದು, ಒಂದೇ ನಿಲ್ದಾಣ ದಾಟಿ ಕ್ಯಾನನ್ಬರಿಯಲ್ಲಿ ಇಳಿಯಬೇಕು. ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಹೈಬರಿ ನ್ಯೂ ಪಾರ್ಕ್ ಎಂಬುದು ಉದ್ಯಾನವಲ್ಲ, ಒಂದು ಉದ್ದನೆಯ ರಸ್ತೆ. ಎರಡೂ ಕಡೆ ವಿಕ್ಟೋರಿಯ ರಾಣಿಯ ಕಾಲದ ವಿಶಾಲವಾದ ಬಂಗಲೆಗಳು, ಅವುಗಳ ಮುಂದೆ ಹಳೆಯ ಮರಗಳು. ಹಿಂದೆ ಸಿರಿವಂತ ವರ್ತಕರು ಒಂದೊಂದರಲ್ಲಿ ಒಂದೊಂದು ಸಂಸಾರವಾಗಿದ್ದ ಮನೆಗಳು ಈಗ ನಾಲ್ಕೈದು ಬಿಡಾರಗಳಾಗಿ ಒಡೆದಿವೆ. ನಡುವೆ ಸೇಂಟ್ ಆಗಸ್ಟೀನ್ ಚರ್ಚು. ಅದಕ್ಕೆ ಸೇರಿದ್ದ ಸಭಾಂಗಣವೇ ನಾವು ನೋಡಬಂದ ಕಟ್ಟಡ. ಇಟ್ಟಿಗೆಯ ಗೋಡೆ, ಎತ್ತರದ ಚಾವಣಿ, ಗುಡಿಯ ಗಾಂಭೀರ್ಯ. ಈ ಸಭಾಂಗಣ ಮುಂದೆ ವೆಸ್ಸೆಕ್ಸ್ ಎಂಬ ಹೆಸರಿನ ಧ್ವನಿಮುದ್ರಣಶಾಲೆಯಾಯಿತು.

1969ರ ಬೇಸಿಗೆಯಲ್ಲಿ, ಮಾನವನು ಚಂದ್ರನ ಮೇಲೆ ಕಾಲಿಟ್ಟ ಅದೇ ದಿನಗಳಲ್ಲಿ, ಐದು ಜನರೂ ಇಲ್ಲಿಗೆ ಬಂದು ಬೀಡುಬಿಟ್ಟರು. ಮೊದಲು ಮೂಡಿ ಬ್ಲೂಸ್ ತಂಡದ ನಿರ್ಮಾಪಕ ಟೋನಿ ಕ್ಲಾರ್ಕನ ನೇತೃತ್ವದಲ್ಲಿ ಮುದ್ರಣಕ್ಕೆ ಯತ್ನಿಸಿ, ಅದು ಹೊಂದಿಕೆಯಾಗದೆ ಬಿಟ್ಟಿದ್ದರು. ಈಗ ನಿರ್ಮಾಪಕರೂ ತಾವೇ ಎಂದು ನಿಶ್ಚಯಿಸಿದರು. ಇಪ್ಪತ್ತು ಚಿಲ್ಲರೆ ವಯಸ್ಸಿನವರ ಕೈಗೆ ಇಡೀ ಯಂತ್ರಶಾಲೆಯನ್ನು ಒಪ್ಪಿಸಿದಂತಾಯಿತು. ಆಗಸ್ಟ್ ತಿಂಗಳಲ್ಲಿ ಕೆಲಸ ಮುಗಿಯಿತು.

ಆಗ ಇದ್ದದ್ದು ಎಂಟು ಹಾದಿಯ ಟೇಪು. ಅಂದರೆ ಒಂದೇ ಟೇಪಿನ ಮೇಲೆ ಎಂಟು ಧ್ವನಿಗಳನ್ನು ಅಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಹಿಡಿಯಬಹುದು, ಒಂಬತ್ತನೆಯದಕ್ಕೆ ಜಾಗವಿಲ್ಲ. ಇವರಿಗೋ ಎಂಟು ಸಾಲದು. ಮೆಲ್ಲೊಟ್ರಾನಿನ ಮೇಲೆ ಮೆಲ್ಲೊಟ್ರಾನ್, ಕಂಠದ ಮೇಲೆ ಕಂಠ ಪೇರಿಸಬೇಕು. ಉಪಾಯವೇನೆಂದರೆ, ತುಂಬಿದ ಹಾದಿಗಳನ್ನು ಬೆರೆಸಿ ಇನ್ನೊಂದು ಟೇಪಿನ ಒಂದೆರಡು ಹಾದಿಗೆ ಇಳಿಸಿ, ಉಳಿದವನ್ನು ಹೊಸದಾಗಿ ತುಂಬುವುದು. ಮನೆಯಲ್ಲಿ ಡಬ್ಬಗಳು ಸಾಲದಾದಾಗ ಗೃಹಿಣಿಯರು ಎರಡು ಬೇಳೆಯನ್ನು ಒಂದೇ ಡಬ್ಬದಲ್ಲಿ ಹಾಕಿಡುತ್ತಾರಲ್ಲ, ಹಾಗೆ. ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲಾಗದು. ಮಾತ್ರವಲ್ಲ, ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಸದ್ದಿನ ಕಾಂತಿ ಕೊಂಚ ಮಾಸುತ್ತದೆ, ಗೊರಗೊರ ಶಬ್ದ ಕೊಂಚ ಸೇರುತ್ತದೆ. ಓಲೆಗರಿಯಿಂದ ಓಲೆಗರಿಗೆ ಕಾವ್ಯವನ್ನು ಇಳಿಸಿದ ಲಿಪಿಕಾರರ ಕಥೆಯೂ ಇದೇ ಅಲ್ಲವೆ?

ಲಿಪಿಕಾರನ ಸ್ಖಾಲಿತ್ಯ ಇಲ್ಲಿಯೂ ನಡೆಯಿತು. ಎಂಟು ಹಾದಿಗಳನ್ನೂ ಹದವಾಗಿ ಬೆರೆಸಿ, ಎಡ ಬಲ ಎಂಬ ಎರಡೇ ಹಾದಿಯ ಅಂತಿಮ ಟೇಪನ್ನು ಸಿದ್ಧಪಡಿಸಿದ ಮೇಲೆ, ಆ ಅಂತಿಮ ಯಂತ್ರದ ಮುದ್ರಣದ ತಲೆ ಸರಿಯಾದ ಕೋನದಲ್ಲಿರಲಿಲ್ಲವೆಂಬುದು ಬೆಳಕಿಗೆ ಬಂದಿತು. ಟೇಪನ್ನು ಸವರಿಕೊಂಡು ಹೋಗುವ ಆ ಲೋಹದ ತಲೆ ಎಳ್ಳಷ್ಟು ಓರೆಯಾದರೂ ತಾರದ ಸೂಕ್ಷ್ಮ ನಾದಗಳು ನಷ್ಟವಾಗುತ್ತವೆ, ಬೇಡದ ಕರ್ಕಶತೆ ಸೇರಿಕೊಳ್ಳುತ್ತದೆ. ‘ಸ್ಕಿಜಾಯ್ಡ್ ಮ್ಯಾನ್’ನಲ್ಲಿ ಇದು ಹೆಚ್ಚು. ವಿನೋದವೆಂದರೆ, ಆ ಕೃತಿಯಲ್ಲಿ ಲೇಕನ ಕಂಠವನ್ನು ಬೇಕೆಂದೇ ಒರಟಾಗಿ ಒಡೆಯಿಸಿದ್ದಾರೆ. ಬೇಕೆಂದು ಒಡೆದದ್ದೂ ಬೇಡದೆ ಒಡೆದದ್ದೂ ಒಂದರೊಳಗೊಂದು ಸೇರಿಕೊಂಡವು. ಕೇಳಿದವರು ಎರಡನ್ನೂ ಕಲೆಯೆಂದೇ ತಿಳಿದು ಮೆಚ್ಚಿದರು.

ಅಮೆರಿಕದ ಅಟ್ಲಾಂಟಿಕ್ ಸಂಸ್ಥೆಯ ಮುದ್ರಣಕ್ಕಾಗಿ ಈ ದೋಷವನ್ನು ಆದಷ್ಟು ತಿದ್ದಿ ಒಂದು ಪ್ರತಿಯನ್ನು ತೆಗೆದರು. ತಿದ್ದಿದ್ದು ನಿಜ; ಆದರೆ ಅದು ಪ್ರತಿಯ ಪ್ರತಿ. ಮೂಲದ ಟೇಪುಗಳನ್ನು ಉಗ್ರಾಣದ ಕಪಾಟಿನಲ್ಲಿಟ್ಟರು, ಇಟ್ಟಲ್ಲಿಯೇ ಮರೆತರು. ಅಲ್ಲಿಂದಾಚೆಗೆ ವರ್ಷವರ್ಷವೂ ಬಂದ ತಟ್ಟೆಗಳಿಗೆ, ಕ್ಯಾಸೆಟ್ಟುಗಳಿಗೆ, ಸಿಡಿಗಳಿಗೆ ಆ ತಿದ್ದಿದ ಪ್ರತಿಯೇ ಆಧಾರವಾಯಿತು. ಇಂಗ್ಲೆಂಡಿನಲ್ಲಿ ಐದನೆಯ ಸ್ಥಾನಕ್ಕೂ ಅಮೆರಿಕದಲ್ಲಿ ಇಪ್ಪತ್ತೆಂಟನೆಯ ಸ್ಥಾನಕ್ಕೂ ಏರಿದ ಕೃತಿ, ಹಲವು ದೇಶಗಳ ಹುಡುಗರು ಕತ್ತಲೆಯ ಕೋಣೆಯಲ್ಲಿ ಕುಳಿತು ಕಣ್ಣುಮುಚ್ಚಿ ಕೇಳಿದ ಕೃತಿ. ಅವರಲ್ಲಿ ಹೆಚ್ಚಿನವರು ಮೂವತ್ತು ವರ್ಷಗಳ ಕಾಲ ಅದರ ನೆರಳನ್ನು ಕೇಳಿದರು! ಮೂಲದ ಟೇಪುಗಳು ಕಳೆದೇಹೋದವೆಂದು ಎಲ್ಲರೂ ನಂಬಿದ್ದರು. 2003ರಲ್ಲಿ ಅವು ದೊರೆತವು. 2004ರಲ್ಲಿ ಅವುಗಳಿಂದ ನೇರವಾಗಿ ಸಿದ್ಧಪಡಿಸಿದ ಮರುಮುದ್ರಣ ಹೊರಬಂದಿತು. ನನ್ನ ಅಳಿಯನ ಬಳಿಯಿರುವ ನಾಲ್ಕರಲ್ಲಿ ಇದು ಎರಡನೆಯದು.

ಮೂರನೆಯದು 2009ರ ಸಂಚಿಕೆ. ನಲವತ್ತನೆಯ ವರ್ಷದ ನೆನಪಿಗೆ ಬಂದದ್ದು. ವಾದವಿವಾದಗಳೆಲ್ಲ ಇದರ ಸುತ್ತಲೇ. ಹಿಂದಿನವರು ಬೆರೆಸಿಟ್ಟ ಎರಡು ಹಾದಿಯ ಟೇಪನ್ನು ಒರೆಸಿ ತೊಳೆದು ಹೊಳಪುಕೊಡುವುದು ಒಂದು ಬಗೆಯ ಕೆಲಸ. ಎಂಟು ಹಾದಿಯ ಮೂಲ ಟೇಪುಗಳಿಗೇ ಮರಳಿ, ಕೊಳಲೆಷ್ಟು, ತಾಳವೆಷ್ಟು, ಕಂಠವೆಷ್ಟು ಎಂದು ಹೊಸದಾಗಿ ಬೆರೆಸುವುದು ಇನ್ನೊಂದು ಬಗೆ. ನಿನ್ನೆಯ ಸಾರನ್ನು ಬಿಸಿಮಾಡಿ ಬಡಿಸುವುದಕ್ಕೂ, ಅಜ್ಜಿ ಕುಟ್ಟಿಟ್ಟ ಅದೇ ಪುಡಿಯಿಂದ ಇಂದು ಹೊಸದಾಗಿ ಸಾರು ಕೂಡಿಸುವುದಕ್ಕೂ ಇರುವಷ್ಟು ವ್ಯತ್ಯಾಸ. ಈ ಎರಡನೆಯ ಕೆಲಸವನ್ನು ಕೈಗೊಂಡವನು ಪೋರ್ಕುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್, ಫ್ರಿಪ್ಪನ ಒಪ್ಪಿಗೆಯಿಂದ. ಬೆರೆಸುವುದಕ್ಕೆ ಮುಂಚಿನ ಹಂತದ ಟೇಪುಗಳೂ ಉಳಿದಿದ್ದಲ್ಲಿ ಅವುಗಳನ್ನು ನಂತರದ ಹಂತದ ಟೇಪುಗಳೊಡನೆ ಕಂಪ್ಯೂಟರಿನ ನೆರವಿನಿಂದ ಓರಣವಾಗಿ ಜೋಡಿಸಬಹುದು. ಆಗ 1969ರಲ್ಲಿ ಅನಿವಾರ್ಯವಾಗಿ ಮಾಸಿದ ಸ್ವರಗಳು ಮಾಸದೆಯೇ ದೊರೆಯುತ್ತವೆ. ಬೆರೆತ ಬೇಳೆಯನ್ನು ಬೇರ್ಪಡಿಸಲಾಗದೆಂದು ಮೇಲೆ ಹೇಳಿದೆನಷ್ಟೆ; ಬೆರೆಸುವ ಮೊದಲಿನ ಡಬ್ಬಗಳೇ ಅಟ್ಟದ ಮೇಲೆ ಸಿಕ್ಕರೆ ಬೇರ್ಪಡಿಸುವ ಪ್ರಸಂಗವೇ ಇಲ್ಲ.

ಫಲಿತಾಂಶವನ್ನು ನಾನು ಕೇಳಿದೆ. ಸಂಗೀತದಲ್ಲಿ ನಾನು ಪಂಡಿತನಲ್ಲ. ಆದರೆ ‘ಐ ಟಾಕ್ ಟು ದಿ ವಿಂಡ್’ ಎಂಬ ಎರಡನೆಯ ಹಾಡಿನಲ್ಲಿ ಮೆಕ್ಡೊನಾಲ್ಡನ ಕೊಳಲನ್ನು ಹಳೆಯ ಸಿಡಿಯಲ್ಲಿಯೂ ಹೊಸದರಲ್ಲಿಯೂ ಒಂದಾದ ಮೇಲೊಂದರಂತೆ ಕೇಳಿದಾಗ ವ್ಯತ್ಯಾಸವನ್ನು ತಿಳಿಯಲು ಪಾಂಡಿತ್ಯ ಬೇಕಾಗಲಿಲ್ಲ. ಹಳೆಯದರಲ್ಲಿ ಕೊಳಲು ಕೇಳುತ್ತದೆ. ಹೊಸದರಲ್ಲಿ ಊದುವವನ ಉಸಿರು ಕೇಳುತ್ತದೆ.

ಹಾಗೆಂದು ಎಲ್ಲವೂ ಸರಿಯೆಂದು ಒಪ್ಪಲಾರೆ. ನಾಲ್ಕನೆಯ ಕೃತಿ ‘ಮೂನ್‌ಚೈಲ್ಡ್’ ಹನ್ನೆರಡು ನಿಮಿಷದ್ದು. ಮೊದಲೊಂದು ಮೃದುವಾದ ಹಾಡು. ಅದು ಮುಗಿದ ಮೇಲೆ ಗಿಟಾರು, ತಾಳವಾದ್ಯ, ಒಂದು ಬಗೆಯ ಲೋಹದ ಜಲತರಂಗದಂಥ ವಾದ್ಯ, ಈ ಮೂರೂ ಯಾವ ಪೂರ್ವಸಿದ್ಧತೆಯೂ ಇಲ್ಲದೆ, ನಿದ್ದೆ ಬಾರದ ರಾತ್ರಿಯಲ್ಲಿ ಮನೆಯೊಳಗೆ ಸಣ್ಣಪುಟ್ಟ ಸದ್ದುಗಳು ಕೇಳಿಸುವಂತೆ, ನಿಲ್ಲುತ್ತ ತಡೆಯುತ್ತ ಅಲೆದಾಡುತ್ತವೆ. ಬೇಸರದ ಭಾಗವೆಂದು ಹಲವರ ದೂರು. 2009ರ ಸಂಚಿಕೆಯ ಹೊಸ ಬೆರಕೆಯಲ್ಲಿ ಇದರಿಂದ ಸುಮಾರು ಮೂರು ನಿಮಿಷವನ್ನು ಕತ್ತರಿಸಿದ್ದಾರೆ! ಪೂರ್ತಿಯಾದದ್ದನ್ನು ಅದೇ ಸಂಚಿಕೆಯಲ್ಲಿ ಅನುಬಂಧವಾಗಿ ಕೊಟ್ಟಿದ್ದಾರೆ, ನಿಜ.

ಆ ಹಳೆಯ ಸಭಾಂಗಣದ ಎದುರಿನ ಕಾಲುದಾರಿಯಲ್ಲಿ ನಿಂತು ಮಾವ ಅಳಿಯಂದಿರು ಈ ಮೂರು ನಿಮಿಷಗಳಿಗಾಗಿ ಅರ್ಧ ಗಂಟೆ ವಾದಿಸಿದೆವು.

“ಮಾಡಿದವರೇ ಕತ್ತರಿಸಿದರೆ ನಮ್ಮದೇನು ಅಭ್ಯಂತರ? ಕವಿ ತನ್ನ ಕಾವ್ಯವನ್ನು ಎರಡನೆಯ ಮುದ್ರಣದಲ್ಲಿ ತಿದ್ದುವುದಿಲ್ಲವೆ?” ಎಂಬುದು ಅವನ ವಾದ.

“ಕವಿ ಒಬ್ಬನಾದರೆ ತಿದ್ದಲಿ. ಇಲ್ಲಿ ಐದು ಜನ. ತಿದ್ದಿದವನು ಒಬ್ಬ” ಎಂದು ನಾನು.

“ತಂಡವನ್ನು ಕೊನೆಯವರೆಗೆ ನಡೆಸಿಕೊಂಡು ಬಂದವನೂ ಅವನೊಬ್ಬನೇ ಮಾಮ.”

ಇದೂ ಸುಳ್ಳಲ್ಲ. ತಟ್ಟೆ ಬಂದು ಎರಡು ತಿಂಗಳಾಗುವಷ್ಟರಲ್ಲಿ, 1969ರ ಡಿಸೆಂಬರಿನಲ್ಲಿ, ಅಮೆರಿಕದ ಪ್ರವಾಸದ ಮಧ್ಯೆಯೇ ಮೆಕ್ಡೊನಾಲ್ಡ್ ಮತ್ತು ಜೈಲ್ಸ್ ತಂಡವನ್ನು ಬಿಡುವುದಾಗಿ ತಿಳಿಸಿದರು. ಸ್ವಲ್ಪ ಕಾಲದಲ್ಲಿ ಲೇಕನೂ ಹೊರಟು ಬೇರೊಂದು ಪ್ರಸಿದ್ಧ ತಂಡವನ್ನು ಕಟ್ಟಿದ. ಆ ನೆಲಮಾಳಿಗೆಯಿಂದ ಕೊನೆಯ ಕಚೇರಿಯವರೆಗೆ ಈ ಐವರ ಕೂಟ ಬದುಕಿದ್ದು ಒಂದು ವರ್ಷಕ್ಕಿಂತ ಕಡಮೆ. ಫ್ರಿಪ್ ಮಾತ್ರ ಹೊಸಹೊಸಬರನ್ನು ಕೂಡಿಸಿಕೊಂಡು ದಶಕಗಳ ಕಾಲ ಆ ಹೆಸರನ್ನು ಉಳಿಸಿದ. ಲೇಕ್ 2016ರಲ್ಲಿ, ಮೆಕ್ಡೊನಾಲ್ಡ್ 2022ರಲ್ಲಿ, ಸಿನ್‌ಫೀಲ್ಡ್ 2024ರಲ್ಲಿ ತೀರಿಕೊಂಡರು. 2009ರಲ್ಲಿ ಐವರೂ ಇದ್ದರು. ಸಮ್ಮತಿ ಕೇಳಬಹುದಾಗಿತ್ತು, ಭಿನ್ನಾಭಿಪ್ರಾಯ ಹೇಳಬಹುದಾಗಿತ್ತು. ಇನ್ನು ಮುಂದೆ ಈ ಟೇಪನ್ನು ಮುಟ್ಟುವವರ ಕೈಗೆ ಆ ಅನುಕೂಲ ಇರುವುದಿಲ್ಲ. ಧೂಳು ಒರೆಸುವುದು ಬೇರೆ, ಗೋಡೆ ಕೆಡಹುವುದು ಬೇರೆ ಎಂಬ ನನ್ನ ಮಾತನ್ನು ಹುಡುಗ ಒಪ್ಪಲಿಲ್ಲ. ನಾನೂ ಹಿಂದೆಗೆಯಲಿಲ್ಲ.

ಯಾರೂ ತಿದ್ದಲು ಹೋಗದ ಒಂದು ಅಂಶವೆಂದರೆ ತಟ್ಟೆಯ ಹೊದಿಕೆ. ಹೊದಿಕೆಯ ಹೊರಗೆ ಒಂದಕ್ಷರವೂ ಇಲ್ಲ. ಇರುವುದು ಒಂದು ಮುಖ. ಕೆಂಪಡರಿದ ಮುಖದಲ್ಲಿ ಅರಳಿದ ಮೂಗಿನ ಹೊಳ್ಳೆ, ಬಿರಿದ ಬಾಯಿ, ಬದಿಗೆ ಹೊರಳಿದ ಕಣ್ಣು. ಮಕ್ಕಳಿಗೆ ತೋರಿಸಲು ಅಂಜಿಕೆಯಾಗುತ್ತದೆ. ಮಡಿಕೆ ಬಿಡಿಸಿದರೆ ಒಳಗೆ ಇನ್ನೊಂದು ಮುಖ: ಅರೆಚಂದ್ರನಂತೆ ದುಂಡಗೆ, ನಗುತ್ತಿರುವ ದೊರೆ. ಆ ನಗುವ ಬಾಯನ್ನು ಕೈಯಿಂದ ಮುಚ್ಚಿ ಕಣ್ಣುಗಳನ್ನು ಮಾತ್ರ ನೋಡಿದರೆ ಅವುಗಳಲ್ಲಿ ಅಪಾರ ದುಃಖ ಕಾಣುತ್ತದೆಂದು ಫ್ರಿಪ್ ಹೇಳಿದ್ದುಂಟು. ನಾನೂ ಹಾಗೆಯೇ ಮುಚ್ಚಿ ನೋಡಿದೆ. ಆ ಮಾತು ನಿಜ. ಚಿತ್ರ ಬರೆದವನು ಬ್ಯಾರಿ ಗಾಡ್ಬರ್, ಸಿನ್‌ಫೀಲ್ಡನ ಗೆಳೆಯ. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಹುಡುಗ. ತಟ್ಟೆಯ ಹೊದಿಕೆಗಾಗಿ ಅವನು ಬರೆದ ಚಿತ್ರ ಇದೊಂದೇ. 1970ರ ಫೆಬ್ರವರಿಯಲ್ಲಿ, ಚಿತ್ರ ಅಂಗಡಿಯ ಕಿಟಕಿಗಳಿಗೆ ಬಂದು ನಾಲ್ಕು ತಿಂಗಳಿಗೆ, ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 24. ಮೂಲಚಿತ್ರವು ವ್ಯವಸ್ಥಾಪಕರ ಕಚೇರಿಯಲ್ಲಿ ಬೆಳಕಿಗೆ ಬಾಡುತ್ತಿತ್ತೆಂದು ಫ್ರಿಪ್ ಅದನ್ನು ತೆಗೆದುಕೊಂಡು ಹೋಗಿ ತನ್ನಲ್ಲಿರಿಸಿಕೊಂಡನಂತೆ. ಟೇಪನ್ನು ಮರೆತವರು ಇದನ್ನೂ ಮರೆತಿದ್ದರೆ ಬಿಸಿಲು ತನ್ನ ಕೆಲಸವನ್ನು ಪೂರೈಸುತ್ತಿತ್ತು.

ವೆಸ್ಸೆಕ್ಸ್ ಶಾಲೆಯಲ್ಲಿ ಮುಂದೆಯೂ ದೊಡ್ಡ ಕೆಲಸಗಳಾದವು. 1977ರಲ್ಲಿ ಸೆಕ್ಸ್ ಪಿಸ್ತಲ್ಸ್, 1979ರಲ್ಲಿ ಕ್ಲ್ಯಾಶ್ ತಂಡದವರು, ಎಂದರೆ ಈ ದೀರ್ಘ ರಚನೆಗಳನ್ನು ಗೇಲಿಮಾಡುತ್ತ ಬಂದ ಪೀಳಿಗೆಯವರು, ಇದೇ ಚಾವಣಿಯ ಕೆಳಗೆ ತಮ್ಮ ಪ್ರಸಿದ್ಧ ತಟ್ಟೆಗಳನ್ನು ಮುದ್ರಿಸಿದರು. 2003ರಲ್ಲಿ ಶಾಲೆ ಮುಚ್ಚಿತು. ಕಟ್ಟಡವು ವಾಸದ ಮನೆಗಳಾಗಿ ಮಾರ್ಪಟ್ಟಿತು. ಮೂಲ ಟೇಪುಗಳು ಸಿಕ್ಕಿದ್ದೂ ಅದೇ ವರ್ಷ. ಧ್ವನಿ ಮರಳಿ ಬಂದಾಗ ಅದು ಹುಟ್ಟಿದ ಕೋಣೆ ಹೊರಟುಹೋಗಿತ್ತು.

ನಾಲ್ಕನೆಯ ಸಂಚಿಕೆ 2020ರದು. ಆ ಒಂದು ವರ್ಷದ ಮುದ್ರಣಗಳೆಲ್ಲವನ್ನೂ ಕೂಡಿಸಿದ ಇಪ್ಪತ್ತಾರು ತಟ್ಟೆಗಳ ಭಾರಿ ಪೆಟ್ಟಿಗೆ. ಬೆಲೆಯನ್ನು ಅಕ್ಕನಿಗೆ ತಿಳಿಸಕೂಡದೆಂದು ಹುಡುಗ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಅದರಲ್ಲಿ ಹಾಡುಗಳಷ್ಟೇ ಅಲ್ಲದೆ, ಮುದ್ರಣದ ದಿನಗಳ ಬಿಡಿ ಟೇಪುಗಳೂ ಇವೆ. ಆರಂಭಿಸಿ ಅರ್ಧದಲ್ಲಿ ಬಿಟ್ಟದ್ದು, ಮತ್ತೆ ಎಣಿಸಿ ಹಿಡಿದದ್ದು, ನಡುನಡುವೆ ಮಾತು. ಕಾಲುದಾರಿಯಲ್ಲಿಯೇ ಅವನು ತನ್ನ ಫೋನಿನಿಂದ ನನ್ನ ಕಿವಿಗೆ ಅದನ್ನು ಹಿಡಿದ. ಯಾರೋ ಏನೋ ಹೇಳಿದರು, ಇನ್ನಾರೋ ತಾಳ ಎಣಿಸಿದರು. ನಡುವೆ ಒಂದೆರಡು ಕ್ಷಣ ಯಾರೂ ಏನೂ ನುಡಿಸಲಿಲ್ಲ. ಆ ಮೌನಕ್ಕೂ ಒಂದು ಗುಂಯ್ ಎಂಬ ಹದವಿತ್ತು, ಎತ್ತರದ ಚಾವಣಿಯ ಕೆಳಗಿನ ಗಾಳಿಗಿರುವಂಥದು. ಎದುರಿಗೆ ಅದೇ ಚಾವಣಿಯ ಕೆಳಗೆ ಯಾರದೋ ಮನೆಯ ಕಿಟಕಿಯಲ್ಲಿ ದೀಪ ಹತ್ತಿತು.

ಹೋಗಬಯಸುವವರಿಗೆ ಒಂದು ಸೂಚನೆ. ಕ್ಯಾನನ್ಬರಿ ನಿಲ್ದಾಣದಿಂದ ನಡೆದೇ ಹೋಗಬಹುದು, ದಾರಿ ಸಮತಟ್ಟಾಗಿದೆ. 2009ರ ಸಂಚಿಕೆಯನ್ನು ಕೊಳ್ಳುವವರು ‘ಮೂನ್‌ಚೈಲ್ಡ್’ನ ಪೂರ್ತಿ ಪಾಠವನ್ನು ಅನುಬಂಧದಲ್ಲಿ ಹುಡುಕಿಕೊಂಡು ಕೇಳುವುದು ಮೇಲು. ಕಟ್ಟಡವನ್ನು ರಸ್ತೆಯಿಂದಲೇ ನೋಡಿ ಬರಬೇಕು. ಅಲ್ಲೀಗ ಸಂಸಾರಗಳಿವೆ, ಕರೆಗಂಟೆ ಒತ್ತಬಾರದು.